ಅಚ್ಚುಕಟ್ಟಾದ ಸ್ಪ್ಲಿಂಟ್, ಅಳೆಯದ ಬಲ

ಗಾಯದಿಂದಲೋ ಕಾಯಿಲೆಯಿಂದಲೋ ಮಡಚಿ ಬಿಗಿದುಕೊಂಡ ಬೆರಳುಗಳನ್ನು ನಿಧಾನವಾಗಿ ನೇರಮಾಡಲು ಕೈಚಿಕಿತ್ಸಕರು ಪ್ಲಾಸ್ಟರ್ ಕಟ್ಟು ಇಲ್ಲವೇ ಸ್ಪ್ಲಿಂಟ್ ಹಾಕುವುದನ್ನು ನೀವು ನೋಡಿರಬಹುದು. ಈ ವಿದ್ಯೆ ಬರಿಯ ಓದಿನಿಂದ ಬಾರದು. ಅದಕ್ಕಾಗಿ ಪ್ರಾಯೋಗಿಕ ಶಿಬಿರಗಳಿವೆ. ಅಂಥ ಎರಡು ದಿನಗಳ ಶಿಬಿರವೊಂದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆತಿತ್ತು.

ಮೆಚ್ಚಬೇಕಾದ್ದು ಅಲ್ಲಿ ಬಹಳವಿತ್ತು. ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೆದುವಾದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿ, ಚರ್ಮ ತಾಳುವಷ್ಟು ಆರಿಸಿ, ಗಟ್ಟಿಯಾಗುವ ಮುನ್ನ ಅಂಗೈಯ ಕಮಾನಿಗೆ ಹೊಂದಿಸಬೇಕು. ಬೆರಳ ತುದಿಯಿಂದ ಅದುಮಿದರೆ ಗುಳಿ ಬೀಳುತ್ತದೆ; ಆ ಗುಳಿಯೇ ಒಳಬದಿಯಲ್ಲಿ ಚರ್ಮವನ್ನೊತ್ತುವ ಉಬ್ಬು. ಇದನ್ನು ಮಾಡಿಯೇ ಕಲಿಯಬೇಕು.

ನನ್ನ ಆಕ್ಷೇಪ ಇರುವುದು ಮೌಲ್ಯಮಾಪನದ ಬಗ್ಗೆ. ಅಂಚು ನುಣುಪಾಗಿದೆಯೇ, ಪಟ್ಟಿ ಸರಿಯಾಗಿದೆಯೇ ಎಂದು ನೋಡಿದರು. ಬೆರಳನ್ನು ಎಳೆಯುವ ರಬ್ಬರ್ ಬ್ಯಾಂಡಿನ ಬಲವನ್ನು ಯಾರೂ ಅಳೆಯಲಿಲ್ಲ. "ಹದವಾಗಿ ಎಳೆಯಲಿ" ಎಂದಷ್ಟೇ ಸೂಚನೆ. ಹದ ಎಂಬ ಅಳತೆ ಅಡುಗೆಮನೆಯಲ್ಲಿ ನಡೆದೀತು.

ಲೆಕ್ಕ ಹಾಕಿ ನೋಡೋಣ. ಬೆರಳಿನ ಕುಣಿಕೆಯನ್ನು 200 ಗ್ರಾಂ ತೂಕದಷ್ಟು ಬಲ ಎಳೆಯುತ್ತಿದೆ, ಕುಣಿಕೆ ಚರ್ಮವನ್ನು ಒತ್ತುವ ವಿಸ್ತೀರ್ಣ 2 ಚದರ ಸೆಂಟಿಮೀಟರ್ ಎನ್ನಿ. ಒತ್ತಡ ಚದರ ಸೆಂಟಿಮೀಟರಿಗೆ 100 ಗ್ರಾಂ, ಅಂದರೆ ಪಾದರಸದ ಸುಮಾರು 74 ಮಿಲಿಮೀಟರ್. ಚರ್ಮದ ಲೋಮನಾಳಗಳಿಗೆ ರಕ್ತ ಪ್ರವೇಶಿಸುವ ಕಡೆ ಒತ್ತಡ ಸುಮಾರು 32 ಮಿಲಿಮೀಟರ್ ಮಾತ್ರ. ಕುಣಿಕೆಯ ಅಗಲವನ್ನು ಇಮ್ಮಡಿಸಿದರೂ 37 ಉಳಿಯುತ್ತದೆ. ಇನ್ನು ದಿಕ್ಕು. ಎಳೆತ ಮೂಳೆಗೆ 90 ಡಿಗ್ರಿಯ ಬದಲು 60 ಡಿಗ್ರಿಯಲ್ಲಿದ್ದರೆ ಬೆರಳನ್ನು ತಿರುಗಿಸುವ ಘಟಕ 173 ಗ್ರಾಂ. ಉಳಿದ 100 ಗ್ರಾಂ ಘಟಕ ಮೂಳೆಯುದ್ದಕ್ಕೂ ಸಾಗಿ ಕೀಲನ್ನು ಅನಗತ್ಯವಾಗಿ ಒತ್ತುತ್ತದೆ ಅಥವಾ ಎಳೆಯುತ್ತದೆ. ಬೆರಳು ನೇರವಾದಂತೆಲ್ಲ ಈ ಕೋನ ಬದಲಾಗುತ್ತದೆ. ಪಿಯುಸಿಯ ಸದಿಶ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇದು ಹೊಸ ಮಾತೇನಲ್ಲ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಗಳನ್ನು ಕುರಿತು ಕೆಲಸ ಮಾಡಿದವರು. 1985ರಲ್ಲಿ ಪ್ರಕಟವಾದ ಅವರ 'ಕ್ಲಿನಿಕಲ್ ಮೆಕ್ಯಾನಿಕ್ಸ್ ಆಫ್ ದಿ ಹ್ಯಾಂಡ್' ಗ್ರಂಥದ ವಿಷಯವೇ ಬಲ, ಒತ್ತಡ, ಭ್ರಾಮಕ. ಬಿಗಿದ ಅಂಗಾಂಶವನ್ನು ಜಗ್ಗಿ ಉದ್ದಮಾಡಲಾಗದು, ಮೆಲುವಾದ ನಿರಂತರ ಎಳೆತದಲ್ಲಿ ಅದು ಬೆಳೆಯಬೇಕು ಎಂಬುದು ಅವರ ನಿಲುವು. ಜಗ್ಗಿದರೆ ಹರಿದು, ಬಾವು ಬಂದು, ಗಾಯದ ಕಲೆಯಿಂದ ಇನ್ನಷ್ಟು ಬಿಗಿಯುತ್ತದೆ.

ಶಿಬಿರಾರ್ಥಿಗಳು ಅಭ್ಯಾಸ ಮಾಡಿದ್ದು ಪರಸ್ಪರರ ಆರೋಗ್ಯವಂತ ಕೈಗಳ ಮೇಲೆ. ಬಿಗಿಯಾದರೆ ಎದುರಿಗಿದ್ದವರು "ನೋಯ್ತಿದೆ, ಸ್ವಲ್ಪ ಸಡಿಲ ಮಾಡಿ" ಅನ್ನುತ್ತಾರೆ. ಸ್ಪರ್ಶಜ್ಞಾನ ಕಳೆದುಕೊಂಡ ಕೈ ಹಾಗೆ ಹೇಳುವುದಿಲ್ಲ. ಹುಣ್ಣಾದ ಮೇಲೆಯೇ ಗೊತ್ತಾಗುವುದು. ಅಲ್ಲಿ ಸ್ಪ್ರಿಂಗ್ ತಕ್ಕಡಿಯೇ ರೋಗಿಯ ಪರವಾಗಿ ಮಾತಾಡಬೇಕು. ಪ್ರೌಢಶಾಲೆಯ ಪ್ರಯೋಗಾಲಯದಲ್ಲೂ ಇರುವ ಆ ಉಪಕರಣ, ಒಂದು ಕೋನಮಾಪಕ, ಇವೆರಡೂ ಶಿಬಿರದ ಮೇಜಿನ ಮೇಲೆ ಇರಲಿಲ್ಲ.

ಪ್ಲಾಸ್ಟರ್ ಕಟ್ಟಿಗಂತೂ ಎರಡು ಗಂಟೆಯಷ್ಟೇ ಮೀಸಲಿತ್ತು. ಅಗ್ಗದ ಈ ವಸ್ತು ಬೆರಳಿನ ಆಕಾರಕ್ಕೆ ಚೆನ್ನಾಗಿ ಹೊಂದಿಕೊಂಡು ಒತ್ತಡವನ್ನು ಹಂಚುತ್ತದೆ. ಕೆಲವು ದಿನಗಳಿಗೊಮ್ಮೆ ಬಿಚ್ಚಿ, ಚರ್ಮ ನೋಡಿ, ಕೋನ ಅಳೆದು, ಗಳಿಸಿದಷ್ಟನ್ನು ಉಳಿಸಿಕೊಂಡು ಮತ್ತೆ ಕಟ್ಟುವುದು ಇದರ ಕ್ರಮ. ಮೊದಲ ಕಟ್ಟು ತಪ್ಪೋ ಸರಿಯೋ ತಿಳಿಯುವುದು ಅದನ್ನು ಬಿಚ್ಚಿದಾಗ. ಶಿಬಿರ ಅಷ್ಟರಲ್ಲಿ ಮುಗಿದಿರುತ್ತದೆ. ವಾರದ ನಂತರ ಇನ್ನೊಂದು ದಿನ ಕರೆಸಿ, ಅದೇ ರೋಗಿಗೆ ಎರಡನೆಯ ಕಟ್ಟು ಹಾಕಿಸುವುದು ಸಂಘಟಕರಿಗೆ ಕಷ್ಟವೇನಲ್ಲ.