ಬ್ರೂಸ್ ವಿಲ್ಲಿಸ್ ಬರಲ್ಲ, ಕಿಟಕಿಯಿಂದ ದೂರ ನಿಲ್ಲಿ

ಕಳೆದ ಶನಿವಾರ ರಾತ್ರಿ ‘ಆರ್ಮಗೆಡನ್’ ಮತ್ತೆ ನೋಡಿದೆ. ಮೈಕಲ್ ಬೇ 1998ರಲ್ಲಿ ಮಾಡಿದ ಸಿನಿಮಾ. ಟೆಕ್ಸಸ್‌ನಷ್ಟು ದೊಡ್ಡ ಕ್ಷುದ್ರಗ್ರಹ ಭೂಮಿ ಕಡೆ ಬರ್ತಿದೆ, ಉಳಿದಿರೋದು 18 ದಿನ. ತೈಲಬಾವಿ ಕೊರೆಯುವ ಬ್ರೂಸ್ ವಿಲ್ಲಿಸ್ ತನ್ನ ಹುಡುಗರನ್ನು ಕಟ್ಟಿಕೊಂಡು ಹೋಗಿ, ಅದರೊಳಗೆ ಅಣುಬಾಂಬ್ ಇಟ್ಟು ಎರಡು ಹೋಳು ಮಾಡ್ತಾನೆ. ಅವನು ಮಗಳಿಗೆ ವಿದಾಯ ಹೇಳುವಾಗ ಈ ಸಲವೂ ಕಣ್ಣು ಒದ್ದೆಯಾಯ್ತು, ಸುಳ್ಳು ಯಾಕೆ ಹೇಳಲಿ.

ಇದರಲ್ಲಿ ವಿಜ್ಞಾನದ ತಪ್ಪು ಹುಡುಕೋದು ಸುಲಭ. ಕ್ಷುದ್ರಗ್ರಹ ಪಟ್ಟಿಯಲ್ಲೇ ದೊಡ್ಡದಾದ ಸೀರಿಸ್‌ನ ಅಡ್ಡಳತೆ ಸುಮಾರು 940 ಕಿ.ಮೀ. ಅದನ್ನು 1801ರಲ್ಲೇ ಕಂಡುಹಿಡಿದಿದ್ದರು. ಅದಕ್ಕಿಂತ ದೊಡ್ಡದು ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ವಾ? ಇರಲಿ, ನನ್ನ ತಕರಾರು ಬೇರೆ. ಸಿನಿಮಾದಲ್ಲಿ ಸಣ್ಣ ಕಲ್ಲುಗಳೂ ಬೀಳ್ತವೆ, ನ್ಯೂಯಾರ್ಕ್ ಮೇಲೆ. ಆದರೆ ಅಲ್ಲಿನ ಜನಕ್ಕೆ ಓಡೋದು, ಕಿರುಚೋದು, ಸಾಯೋದು ಬಿಟ್ಟು ಬೇರೆ ಕೆಲಸವೇ ಇಲ್ಲ. ಬುದ್ಧಿ ಓಡಿಸೋರೆಲ್ಲ ಮೇಲೆ ಹೋದವರು ಮತ್ತು ಅವರನ್ನು ಕಳಿಸಿದವರು.

ನಿಜವಾಗಿ ನಡೆದದ್ದು ನೋಡಿ. 2013ರ ಫೆಬ್ರವರಿ 15ರಂದು ‘2012 ಡಿಎ14’ ಎಂಬ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 27,700 ಕಿ.ಮೀ. ದೂರದಲ್ಲಿ, ಅಂದರೆ ನಮ್ಮ ಟಿವಿ ಉಪಗ್ರಹಗಳಿಗಿಂತ ಹತ್ತಿರದಲ್ಲಿ, ಹಾದುಹೋಗುವುದಿತ್ತು. ವಿಜ್ಞಾನಿಗಳು ಮೊದಲೇ ಲೆಕ್ಕ ಹಾಕಿದ್ದರು. ಎಲ್ಲರ ಕಣ್ಣೂ ಅದರ ಮೇಲೆ. ಅದು ಹೇಳಿದ ಟೈಮಿಗೆ ಬಂದು ಹೋಯಿತು. ಆದರೆ ಅದಕ್ಕೂ ಕೆಲವು ಗಂಟೆ ಮೊದಲು, ಸುಮಾರು 20 ಮೀಟರಿನ ಇನ್ನೊಂದು ಕಲ್ಲು ಸೂರ್ಯನ ದಿಕ್ಕಿನಿಂದ ಬಂದು, ರಷ್ಯಾದ ಚೆಲ್ಯಾಬಿನ್ಸ್ಕ್ ಬಳಿ ಆಕಾಶದಲ್ಲೇ ಸಿಡಿಯಿತು. ಎರಡಕ್ಕೂ ಸಂಬಂಧವೇ ಇಲ್ಲ. ಇದು ಬರೋದನ್ನು ಯಾರೂ ನೋಡಿರಲಿಲ್ಲ.

ಬೆಳಕು ಕಂಡು ಜನ ಕಿಟಕಿಗೆ ಓಡಿದರು. ಸ್ಫೋಟದ ಅಲೆ ನಗರ ಮುಟ್ಟಲು ಒಂದೆರಡು ನಿಮಿಷ ಹಿಡಿಯಿತು. ಮುಟ್ಟಿದಾಗ ಗಾಜು ಪುಡಿಪುಡಿ. ಗಾಯಗೊಂಡು ಚಿಕಿತ್ಸೆಗೆ ಹೋದವರು ಸುಮಾರು 1,500 ಜನ, ಬಹುಪಾಲು ಗಾಜಿನಿಂದಲೇ. ಒಬ್ಬ ಶಾಲಾ ಶಿಕ್ಷಕಿ ಮಾತ್ರ ಬೆಳಕು ಕಂಡ ಕೂಡಲೇ ಮಕ್ಕಳನ್ನೆಲ್ಲ ಡೆಸ್ಕ್ ಕೆಳಗೆ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ. ಗಾಜು ಕೊಯ್ದದ್ದು ಅವರನ್ನು.

ನನಗೆ ಬೇಕಿದ್ದ ಸಿನಿಮಾ ಇದು. ಇದಕ್ಕೆ ರಾಕೆಟ್ ಬೇಡ, ಬಾಂಬ್ ಬೇಡ. ಬೆಳಕು ಮೊದಲು, ಹೊಡೆತ ಆಮೇಲೆ ಅನ್ನೋ ಹೈಸ್ಕೂಲ್ ಪಾಠ ಸಾಕು.

2029ರ ಏಪ್ರಿಲ್ 13ರಂದು ಅಪೋಫಿಸ್ ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ. ಡಿಕ್ಕಿ ಹೊಡೆಯಲ್ಲ. ಆ ವಾರ ಟಿವಿಯವರು ಪ್ರಳಯ ಅಂತ ಕೂಗಬಹುದು, ‘ಆರ್ಮಗೆಡನ್’ ಕೂಡ ಹಾಕಬಹುದು. ನೋಡಿ, ಅತ್ತುಬಿಡಿ. ಆದರೆ ಯಾವತ್ತಾದರೂ ಆಕಾಶದಲ್ಲಿ ಸೂರ್ಯನಂಥ ಬೆಳಕು ಮಿಂಚಿದರೆ, ಮೊಬೈಲ್ ಹಿಡಿದು ಕಿಟಕಿ ಹತ್ತಿರ ಮಾತ್ರ ಹೋಗಬೇಡಿ.