ಮೂಗಿಗಿಂತ ಭಾರದ ಮೂಗುತಿ

ಮೂವತ್ತು ನಲವತ್ತು ವರ್ಷದ ಹಿಂದೆ ಕಟ್ಟಿಸಿದ ಮನೆಗಳಲ್ಲಿ ಸಾಮಾನ್ಯವಾಗಿ ರೂಮಿಗೊಂದು ಸ್ವಿಚ್ ಬೋರ್ಡು, ಬೋರ್ಡಿಗೊಂದು ಪ್ಲಗ್ಗು. ರೇಡಿಯೋ, ಟೇಬಲ್ ಫ್ಯಾನಿಗೆ ಅಷ್ಟು ಸಾಕಿತ್ತು. ಈಗ ಸಾಲದು. ಎಲೆಕ್ಟ್ರಿಷಿಯನ್ ಬಂದು, ಬೋರ್ಡು ಬಿಚ್ಚಿ, ಲೈಟಿನ ಫೇಸಿನಿಂದ ಗೇಣುದ್ದ ವೈರು ಲೂಪ್ ಹೊಡೆದು ಇನ್ನೊಂದು ಸಾಕೆಟ್ ಕೂರಿಸಿ ಹೋಗುತ್ತಾನೆ. ಗೋಡೆ ಒಡೆಯುವ ಗೋಜಿಲ್ಲ.

ಈ ಪದ್ಧತಿಯನ್ನು ಸಾರಾಸಗಟಾಗಿ ಬೈಯುವವನಲ್ಲ ನಾನು. ಲೈಟ್ ಸರ್ಕ್ಯೂಟ್ ಒಂದಕ್ಕೆ ಹತ್ತು ಪಾಯಿಂಟು, 800 ವಾಟ್ ಎಂಬುದು ನಮ್ಮಲ್ಲಿ ಹಳೆಯ ಲೆಕ್ಕ. 60 ವಾಟಿನ ಬಲ್ಬಿದ್ದ ಕಡೆ ಈಗ 9 ವಾಟಿನ ಎಲ್‌ಇಡಿ. ಉಳಿದ ಜಾಗದಲ್ಲಿ ಟೀವಿ, ಲ್ಯಾಪ್‌ಟಾಪ್, ನಾಲ್ಕು ಮೊಬೈಲು ಆರಾಮಾಗಿ ಬದುಕುತ್ತವೆ.

ನನ್ನ ತಕರಾರಿರುವುದು ಸಾಕೆಟ್ಟಿನ ತೂತಿನ ಮೇಲೆ. ‘ನಾಳೆ ಯಾವುದಕ್ಕಾದರೂ ಬೇಕಾದೀತು’ ಎಂದು ಸಣ್ಣ ಪಿನ್ನು, ದಪ್ಪ ಪಿನ್ನು ಎರಡೂ ಹಿಡಿಯುವ 16 ಆಂಪಿಯರಿನದನ್ನೇ ಹಾಕಿಸುತ್ತೇವೆ. ಪಿನ್ನು ಕೂತಿತೆಂದರೆ ಕರೆಂಟೂ ಬರುತ್ತದೆಂದು ಮನೆಯವರ ನಂಬಿಕೆ. ಹಿಂದಿರುವುದೋ ಒಂದು, ಹೆಚ್ಚೆಂದರೆ ಒಂದೂವರೆ ಚದರ ಮಿಲಿಮೀಟರಿನ ತಂತಿ. 2000 ವಾಟಿನ ಇಂಡಕ್ಷನ್ ಒಲೆ ಒಂದೇ ಸುಮಾರು 8.7 ಆಂಪಿಯರ್ ಎಳೆಯುತ್ತದೆ; ಪಕ್ಕದಲ್ಲಿ 1500 ವಾಟಿನ ಕೆಟಲ್ ಇಟ್ಟರೆ ಒಟ್ಟು 15 ದಾಟುತ್ತದೆ. ಕರೆಂಟು ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟು. ಎಂಸಿಬಿ ಬಿದ್ದು ಎಚ್ಚರಿಸಿದರೆ ಅದನ್ನೇ ಕಿತ್ತು ದೊಡ್ಡದನ್ನು ಹಾಕುವವರಿದ್ದಾರೆ. ತಂತಿ ಮಾತ್ರ ಹಳೆಯದೇ.

ಮೊದಲು ಸುಡುವುದು ಹೆಚ್ಚಾಗಿ ಸ್ಕ್ರೂ ಸಡಿಲಾದ ಕಡೆ. ಚಿಕ್ಕಮ್ಮನ ಮನೆಯಲ್ಲಿ ಇಸ್ತ್ರಿ ಹಾಕುವಾಗೆಲ್ಲ ಹಾಲ್ ತುಂಬ ಮೀನು ಹುರಿದ ವಾಸನೆ. ಶುದ್ಧ ಸಸ್ಯಾಹಾರಿ ಮನೆ. ಪಕ್ಕದವರ ಮೇಲೆ ಅನುಮಾನ ಹೋಗಿತ್ತು. ಬೋರ್ಡು ಬಿಚ್ಚಿದರೆ ಫೇಸಿನ ತೂತಿನ ಸುತ್ತ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿತ್ತು, ವೈರಿನ ಸಿಪ್ಪೆ ಮುಟ್ಟಿದರೆ ಉದುರುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಮೂರನೆಯ ತೂತಿನಲ್ಲಿತ್ತು. ಲೈಟಿಗೆಂದು ಎಳೆದ ಹಳೆಯ ಪೈಪಿನಲ್ಲಿ ಅರ್ಥಿಂಗ್ ವೈರೇ ಇರಲಿಲ್ಲ. ಯಾರೋ ಜಾಣ ಆ ತೂತನ್ನು ನ್ಯೂಟ್ರಲ್‌ಗೇ ಜಂಪರ್ ಹಾಕಿದ್ದ. ಎಲ್ಲೋ ಹಿಂದೆ ನ್ಯೂಟ್ರಲ್ ಕಡಿದ ದಿನ ಇಸ್ತ್ರಿ ಪೆಟ್ಟಿಗೆಯ ಮೈಗೆ ನೇರ ಫೇಸು. ಟೆಸ್ಟರ್ ಇಟ್ಟು ನೋಡಿ ಇದನ್ನು ಹಿಡಿಯಲಾಗದು. ಆ ತೂತಿನಲ್ಲಿ ದೀಪ ಅರ್ಥಿಂಗ್ ಇದ್ದರೂ ಹತ್ತದು, ಇಲ್ಲದಿದ್ದರೂ ಹತ್ತದು.

ಲೈಟ್ ಬೋರ್ಡಿನಲ್ಲಿ 6 ಆಂಪಿಯರಿನ ಸಾಕೆಟ್ ಮಾತ್ರ, ಅದೂ ಅರ್ಥಿಂಗ್ ಎಳೆದ ಮೇಲೆ. ದಪ್ಪ ಪಿನ್ನಿಗೆ ಮೇನ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರಿನ ಬೇರೆ ಲೈನು, ಗೋಡೆ ಒಡೆಯದೆ ಮೇಲೇ ಪಟ್ಟಿಯೊಳಗೆ ಎಳೆದದ್ದು; ಅದಕ್ಕೆ ಸ್ವಂತ ಎಂಸಿಬಿ. ಎಲ್ಲದಕ್ಕೂ ಮೇಲೆ, ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಇಷ್ಟು ಹೇಳಿದಾಗ ಚಿಕ್ಕಮ್ಮ ಖರ್ಚಿಗೆ ಹೆದರಲಿಲ್ಲ. “ಗೋಡೆ ಮೇಲೆ ಆ ಬಿಳೀ ಪಟ್ಟಿ ಅಸಹ್ಯ ಕಾಣಲ್ವೇನೋ?” ಅಂದರು. ಕಾಣುತ್ತದೆ. ಬಾಗಿಲ ಮೇಲೆ ಹಾದು ಅಡುಗೆಮನೆಗೆ ಹೋಗಿದೆ. ಅರ್ಧವನ್ನು ಕ್ಯಾಲೆಂಡರ್ ಮುಚ್ಚಿದೆ.