ಕೊರತೆಯ ನಡುವಿನ ನಗು

ಮಿಷನರಿಗಳ ಜೀವನಕಥೆಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಕಷ್ಟ ಬರುತ್ತದೆ, ಪ್ರಾರ್ಥನೆ ನಡೆಯುತ್ತದೆ, ಕಷ್ಟ ಕರಗುತ್ತದೆ. ನಾಲ್ಕು ಪುಟ ಓದುವಷ್ಟರಲ್ಲಿ ಐದನೆಯದರಲ್ಲಿ ಏನಿದೆಯೆಂದು ತಿಳಿದುಬಿಡುತ್ತದೆ. ಭಕ್ತರಿಗೆ ಅದರಿಂದ ಸಮಾಧಾನ ಸಿಗಬಹುದು, ಬದುಕಿನ ತೂಕ ಮಾತ್ರ ಸಿಗುವುದಿಲ್ಲ. ಚೀನಾದಲ್ಲಿ ದುಡಿದ ಇಂಗ್ಲಿಷ್ ಮಿಷನರಿ ಗ್ಲಾಡಿಸ್ ಐಲ್ವರ್ಡ್ ಅವರ ಬಗ್ಗೆ ಅಲನ್ ಬರ್ಜೆಸ್ 1957ರಲ್ಲಿ ಪ್ರಕಟಿಸಿದ ‘ದಿ ಸ್ಮಾಲ್ ವುಮನ್’ ಈ ಅಚ್ಚನ್ನು ಮುರಿದ ಪುಸ್ತಕ. ಮರುವರ್ಷವೇ ಹಾಲಿವುಡ್ ಅದನ್ನು ‘ದಿ ಇನ್ ಆಫ್ ದಿ ಸಿಕ್ಸ್ತ್ ಹ್ಯಾಪಿನೆಸ್’ ಎಂಬ ಸಿನಿಮಾ ಮಾಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಂಬಿಕೆಯ ಕಥೆಯನ್ನು ಹೇಗೆ ಹೇಳಬೇಕು, ಹೇಗೆ ಹೇಳಬಾರದು ಎಂಬುದು ಕಣ್ಣಿಗೆ ಕಟ್ಟುತ್ತದೆ. ಐಲ್ವರ್ಡ್ ಅವರ ನಗು ಮತ್ತು ‘ದೇವರು ಒದಗಿಸುತ್ತಾನೆ’ ಎಂಬ ಅವರ ಭರವಸೆ ಎರಡೂ ಒಂದೇ ಬೇರಿನಿಂದ ಚಿಗುರಿದವು. ಕೈಯಲ್ಲಿ ಏನೂ ಇಲ್ಲದ ಸ್ಥಿತಿಯೇ ಆ ಬೇರು. ಪುಸ್ತಕ ಆ ಕೊರತೆಯನ್ನು ಕೊರತೆಯಾಗಿಯೇ ಉಳಿಸಿಕೊಂಡಿದೆ. ಸಿನಿಮಾ ಅದನ್ನು ಅಲಂಕಾರದಿಂದ ತುಂಬಿಬಿಟ್ಟಿದೆ.

ಐಲ್ವರ್ಡ್ ಹುಟ್ಟಿದ್ದು 1902ರಲ್ಲಿ, ಲಂಡನ್ನಿನ ಉತ್ತರ ಅಂಚಿನ ಎಡ್ಮಂಟನ್‌ನಲ್ಲಿ. ಅಪ್ಪ ಅಂಚೆಪೇದೆ. ಓದು ತಲೆಗೆ ಹತ್ತಲಿಲ್ಲ, ಶ್ರೀಮಂತರ ಮನೆಗಳಲ್ಲಿ ಕೆಲಸಕ್ಕೆ ಸೇರಿದರು. ಚೀನಾಕ್ಕೆ ಹೋಗಬೇಕೆಂಬ ಹಂಬಲ ಹತ್ತಿದಾಗ ಚೀನಾ ಇನ್‌ಲ್ಯಾಂಡ್ ಮಿಷನ್ ಅವರನ್ನು ಪರೀಕ್ಷಾರ್ಥ ತರಬೇತಿಗೆ ತೆಗೆದುಕೊಂಡಿತು. ಓದಿನಲ್ಲಿ ಹಿಂದೆ, ಈ ವಯಸ್ಸಿನಲ್ಲಿ ಚೀನೀ ಭಾಷೆ ಕಲಿಯುವುದು ಆಗದ ಮಾತು ಎಂದು ಹೇಳಿ ವಾಪಸು ಕಳಿಸಿತು. ಟಿಬೆಟ್ ದಂಡಯಾತ್ರೆಯಿಂದ ಹೆಸರಾದ ಸರ್ ಫ್ರಾನ್ಸಿಸ್ ಯಂಗ್‌ಹಸ್ಬೆಂಡ್ ಅವರ ಮನೆಯಲ್ಲಿ ಕೆಲಸಕ್ಕೆ ಸೇರಿದ ದಿನ ಗ್ಲಾಡಿಸ್ ತಮ್ಮ ಬೈಬಲ್ಲನ್ನೂ ಕೈಲಿದ್ದ ಎರಡೂವರೆ ಪೆನ್ನಿಯನ್ನೂ ಹಾಸಿಗೆಯ ಮೇಲಿಟ್ಟು, ಇಷ್ಟೇ ಇರುವುದು, ಜೊತೆಗೆ ನಾನಿದ್ದೇನೆ ಎಂದು ದೇವರಿಗೆ ಒಪ್ಪಿಸಿಕೊಂಡರು. ಅಷ್ಟರಲ್ಲೇ ಮನೆಯೊಡತಿ ಕರೆದು, ಅಲ್ಲಿಗೆ ಬರಲು ತಗುಲಿದ ಗಾಡಿ ಖರ್ಚನ್ನು ಕೊಟ್ಟರು. ಬರ್ಜೆಸ್ ಈ ಪ್ರಸಂಗವನ್ನು ಪವಾಡದ ಮಟ್ಟಕ್ಕೆ ಏರಿಸುವುದಿಲ್ಲ. ಕೆಲವು ಷಿಲಿಂಗುಗಳನ್ನು ಕೆಲವು ಷಿಲಿಂಗುಗಳಾಗಿಯೇ ಬಿಡುತ್ತಾರೆ. ಆ ಸಂಯಮವೇ ಪುಸ್ತಕದ ಮೊದಲ ಗುಣ.

ಹಡಗಿನ ಟಿಕೆಟ್ಟಿಗೆ ಹಣ ಸಾಲದು. ಸೈಬೀರಿಯಾ ಮೂಲಕ ಹೋಗುವ ರೈಲಿಗೆ 47 ಪೌಂಡ್ 10 ಷಿಲಿಂಗ್. ಮಂಚೂರಿಯಾದಲ್ಲಿ ಯುದ್ಧದ ಗಲಾಟೆ ಇದೆ ಎಂದು ಟಿಕೆಟ್ ಮಾರುವವನೇ ಎಚ್ಚರಿಸಿದ. ಆದರೂ ಬಿಡದೆ ಕಂತಿನಲ್ಲಿ ಹಣ ಕಟ್ಟಿ, ಕೆಟಲ್ಲು ಮತ್ತು ಪಾತ್ರೆಯನ್ನು ಸೂಟ್‌ಕೇಸಿಗೆ ಬಿಗಿದುಕೊಂಡು 1930ರ ದಶಕದ ಆರಂಭದಲ್ಲಿ ಹೊರಟರು. ಯುದ್ಧದಿಂದಾಗಿ ರೈಲು ಮುಂದೆ ಹೋಗದೆ ನಿಂತಾಗ ಹಿಮದಲ್ಲಿ ಹಳಿಗುಂಟ ಚಿತಾ ಪಟ್ಟಣದವರೆಗೆ ಹಿಂದಕ್ಕೆ ನಡೆದರು. ಆಮೇಲೆ ವ್ಲಾಡಿವಾಸ್ಟಾಕಿನಿಂದ ಜಪಾನಿಗೆ ದಾಟಿ, ಅಲ್ಲಿಂದ ಚೀನಾ ಮುಟ್ಟಿದರು. ಈ ಪ್ರಯಾಣದಲ್ಲಿ ನಗು ಇದೆ, ಆದರೆ ಅದು ಅಪಾಯವನ್ನು ಮರೆಸುವ ನಗುವಲ್ಲ. ತೋಳಗಳ ಊಳು ಕೇಳುತ್ತಿರುವ ಕತ್ತಲಲ್ಲಿ ಪುಟ್ಟ ಸ್ಟೌವಿನ ಮೇಲೆ ನೀರು ಕಾಯಿಸಿಕೊಳ್ಳುವ ಹೆಂಗಸನ್ನು ಕಂಡಾಗ ಓದುಗನ ತುಟಿ ಅರಳುತ್ತದೆ, ಎದೆಯೂ ನಡುಗುತ್ತದೆ.

ಷಾನ್ಷಿ ಪ್ರಾಂತ್ಯದ ಬೆಟ್ಟದೂರು ಯಾಂಗ್‌ಚೆಂಗ್‌ನಲ್ಲಿ ಜೀನಿ ಲಾಸನ್ ಎಂಬ ಮುದುಕಿ ಮಿಷನರಿ ಅವರಿಗಾಗಿ ಕಾಯುತ್ತಿದ್ದರು. ಊರಿನವರು ಪರದೇಶದ ಹೆಂಗಸರನ್ನು ಕಂಡರೆ ಕೆಸರು ಎರಚುತ್ತಿದ್ದ ಕಾಲ. ಬೋಧನೆ ಕೇಳಲು ಯಾರೂ ಬರುವುದಿಲ್ಲ, ಆದರೆ ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವವರು ದಿನವೂ ಆ ದಾರಿಯಲ್ಲಿ ಹೋಗುತ್ತಾರೆ. ಹಾಗಾದರೆ ಛತ್ರವನ್ನೇ ತೆರೆಯೋಣ, ಊಟ ಹಾಕಿ ರಾತ್ರಿ ಕಥೆ ಹೇಳೋಣ ಎಂಬುದು ಮುದುಕಿಯ ಉಪಾಯ. ಗಿರಾಕಿಗಳನ್ನು ಒಳಗೆ ಕರೆತರುವ ಕೆಲಸ ಗ್ಲಾಡಿಸ್‌ದು. ತಿಗಣೆ ಇಲ್ಲ, ಚಿಗಟ ಇಲ್ಲ, ಬನ್ನಿ ಬನ್ನಿ ಎಂದು ಕೂಗುತ್ತಾ ಬೀದಿಯಲ್ಲಿ ನಿಂತು, ಸಾಲಿನ ಮೊದಲ ಹೇಸರಗತ್ತೆಯ ಮೂಗುದಾಣ ಹಿಡಿದು ಅಂಗಳಕ್ಕೆ ಎಳೆಯಬೇಕು. ಒಂದು ಒಳಗೆ ಬಂದರೆ ಮಿಕ್ಕವೂ ಹಿಂಬಾಲಿಸುತ್ತವೆ. ಪ್ರಾಣಿಗಳು ಒಳಗಾದ ಮೇಲೆ ಮಾಲೀಕರಿಗೆ ಬೇರೆ ದಾರಿಯಿಲ್ಲ. ಲಂಡನ್ನಿನಲ್ಲಿ ಚಹಾದ ತಟ್ಟೆ ಹಿಡಿಯುತ್ತಿದ್ದ ಕೈ ಇಲ್ಲಿ ಹಟಮಾರಿ ಹೇಸರಗತ್ತೆಯ ಜೊತೆ ಜಗ್ಗಾಡುತ್ತದೆ. ದೇವರ ಕೆಲಸಕ್ಕೆ ಇಂಥ ಕೆಲಸ ಕೀಳಲ್ಲ ಎಂಬ ತಿಳಿವಳಿಕೆ ಉಪದೇಶವಾಗಿ ಬಾರದೆ ದೃಶ್ಯವಾಗಿ ಬರುತ್ತದೆ.

ಲಾಸನ್ ಬೇಗನೆ ತೀರಿಕೊಂಡರು. ಅವರಿಗೆ ಬರುತ್ತಿದ್ದ ಅಲ್ಪ ಆದಾಯವೂ ಅವರೊಂದಿಗೆ ನಿಂತಿತು. ಬೆನ್ನಿಗೆ ಯಾವ ಸಂಸ್ಥೆಯೂ ಇಲ್ಲದ ಗ್ಲಾಡಿಸ್ ಛತ್ರವನ್ನು ಹೇಗೆ ನಡೆಸಬೇಕು? ಉತ್ತರ ಊರಿನ ಸರ್ಕಾರಿ ಅಧಿಕಾರಿ ಮ್ಯಾಂಡರಿನ್‌ನ ಪಲ್ಲಕ್ಕಿಯಲ್ಲಿ ಬಂತು. ಹೆಣ್ಣುಮಕ್ಕಳ ಪಾದ ಬೆಳೆಯದಂತೆ ಬಿಗಿದು ಕಾಲು ಕಟ್ಟುವ ಪದ್ಧತಿಯನ್ನು ಸರ್ಕಾರ ನಿಷೇಧಿಸಿತ್ತು. ಹಳ್ಳಿ ಹಳ್ಳಿಗೆ ನಡೆದುಹೋಗಿ ಪರೀಕ್ಷಿಸಲು ಕಾಲು ಕಟ್ಟದ ಹೆಂಗಸೇ ಬೇಕು, ಅಂಥವಳು ಆ ಸೀಮೆಯಲ್ಲಿ ಇದ್ದದ್ದು ಇವರೊಬ್ಬರೇ. ದಿನಕ್ಕೊಂದು ಅಳತೆ ನವಣೆ, ಕಾಯಿಪಲ್ಲೆಗೆ ಪುಡಿಗಾಸು, ಸವಾರಿಗೆ ಹೇಸರಗತ್ತೆ, ಕಾವಲಿಗೆ ಸೈನಿಕರು. ಹೋದಲ್ಲೆಲ್ಲ ನನ್ನ ದೇವರ ಮಾತನ್ನೂ ಹೇಳುತ್ತೇನೆ ಎಂದು ಗ್ಲಾಡಿಸ್ ಷರತ್ತು ಹಾಕಿದರು, ಆತ ಒಪ್ಪಿದ. ಮಿಷನ್ ಕೊಡಲೊಪ್ಪದ ಕೆಲಸವನ್ನು ಕ್ರೈಸ್ತನಲ್ಲದ ಅಧಿಕಾರಿ ಸಂಬಳ ಸಮೇತ ಕೊಟ್ಟ. ಈ ಪ್ರಸಂಗದ ಹಾಸ್ಯದಲ್ಲೇ ಅದರ ದೇವತಾಶಾಸ್ತ್ರವೂ ಅಡಗಿದೆ. ಒದಗಿಸುವವನು ಯಾವ ಬಾಗಿಲಿನಿಂದ ಬರುತ್ತಾನೆ ಎಂಬುದನ್ನು ಬೇಡುವವರು ನಿಶ್ಚಯಿಸಲಾರರು.

ಇಡೀ ಪುಸ್ತಕದ ಹೃದಯ ನನಗೆ ಕಾಣುವುದು ಒಂದು ಸಣ್ಣ ಘಟನೆಯಲ್ಲಿ. ಬೀದಿಬದಿಯಲ್ಲಿ ಕೂತ ಹೆಂಗಸೊಬ್ಬಳು ರೋಗದ ಮಗುವೊಂದನ್ನು ಮಾರಲು ಇಟ್ಟುಕೊಂಡಿರುತ್ತಾಳೆ. ಗ್ಲಾಡಿಸ್ ದೂರು ಕೊಡಲು ಹೋದರೆ ಮ್ಯಾಂಡರಿನ್ ಸುಮ್ಮನಿರಲು ಹೇಳುತ್ತಾನೆ. ಸುಮ್ಮನಿರಲಾಗದೆ, ಕೈಲಿದ್ದ ಒಂಬತ್ತು ಪೆನ್ನಿಯಷ್ಟು ಕಾಸು ಕೊಟ್ಟು ಮಗುವನ್ನು ಮನೆಗೆ ತರುತ್ತಾರೆ. ‘ನೈನ್‌ಪೆನ್ಸ್’ ಎಂದೇ ಅವಳ ಹೆಸರು ನಿಲ್ಲುತ್ತದೆ. ಸ್ವಲ್ಪ ಕಾಲದ ನಂತರ ಆ ಹುಡುಗಿ ತನಗಿಂತಲೂ ದಿಕ್ಕಿಲ್ಲದ ಒಬ್ಬ ಹುಡುಗನನ್ನು ಕರೆದುಕೊಂಡು ಬರುತ್ತಾಳೆ. ಇಬ್ಬರಿಗೇ ಸಾಲದ ಅನ್ನದಲ್ಲಿ ಮೂರನೆಯವನಿಗೆ ಎಲ್ಲಿಂದ ತರುವುದು? ನಾನು ಸ್ವಲ್ಪ ಕಡಿಮೆ ಉಣ್ಣುತ್ತೇನೆ, ನೀನೂ ಸ್ವಲ್ಪ ಕಡಿಮೆ ಉಂಡರೆ ಇವನಿಗೆ ಆಗುತ್ತದೆ ಎಂಬುದು ಹುಡುಗಿಯ ಲೆಕ್ಕ. ಹುಡುಗನ ಹೆಸರು ‘ಲೆಸ್’, ಅಂದರೆ ‘ಕಡಿಮೆ’ ಎಂದಾಯಿತು. ದೇವರು ಒದಗಿಸುವುದೆಂದರೆ ಮುಗಿಲಿನಿಂದ ಮೂಟೆ ಬೀಳುವುದು ಎಂದುಕೊಂಡವರಿಗೆ ಈ ಮಗುವಿನ ಗಣಿತ ಸಾಕು. ಒಬ್ಬರಿಗೆ ಒದಗಬೇಕಾದರೆ ಮತ್ತೊಬ್ಬರ ತಟ್ಟೆಯಲ್ಲಿ ಕಡಿಮೆಯಾಗಬೇಕು. ಹಾಗೆ ಕಡಿಮೆ ಮಾಡಿಕೊಂಡವರು ನಗುನಗುತ್ತಲೇ ಮಾಡಿಕೊಂಡರು ಎಂಬುದೇ ಇಲ್ಲಿನ ಬೆರಗು.

1940ರ ಕಾಲ್ನಡಿಗೆ ಈ ಗಣಿತವನ್ನೇ ದೊಡ್ಡದಾಗಿ ಬರೆದಂತಿದೆ. ಜಪಾನೀ ಸೇನೆ ಹತ್ತಿರವಾದಾಗ ಸುಮಾರು 100 ಮಕ್ಕಳನ್ನು ಕರೆದುಕೊಂಡು ಐಲ್ವರ್ಡ್ ಬೆಟ್ಟಗಳನ್ನು ದಾಟಿ ಷಿಯಾನ್ ಕಡೆಗೆ ಹೊರಟರು. ಮ್ಯಾಂಡರಿನ್ ಕೊಟ್ಟ ನವಣೆ ಬೇಗ ಮುಗಿಯಿತು. ದಾರಿಯಲ್ಲಿ ಸಿಕ್ಕ ಚೀನೀ ಸೈನಿಕರು ತಮ್ಮ ಪಾಲಿನ ತಿನಿಸನ್ನು ಮಕ್ಕಳೊಂದಿಗೆ ಹಂಚಿಕೊಂಡರು. ಹಳದಿ ನದಿಯ ದಡ ಸೇರಿದರೆ ಅಲ್ಲಿ ಒಂದು ದೋಣಿಯೂ ಇಲ್ಲ. ಅಲ್ಲಿ ಸೋತು ಕೂತವರು ಗ್ಲಾಡಿಸ್. ಮೋಶೆ ಕೆಂಪು ಸಮುದ್ರ ದಾಟಿದ ಕಥೆಯನ್ನು ನೆನಪಿಸಿ ಕೆಣಕಿದ್ದು ಒಬ್ಬ ಹುಡುಗಿ. ನಾನು ಮೋಶೆಯಲ್ಲ ಎಂದು ಇವರು ಹೇಳಿದರೆ, ನೀವು ಅಲ್ಲ ನಿಜ, ಆದರೆ ಯೆಹೋವ ಯೆಹೋವನೇ ಅಲ್ಲವೆ ಎಂಬರ್ಥದ ಉತ್ತರ ಬಂತು. ಮಕ್ಕಳು ಹಾಡತೊಡಗಿದರು. ಆ ದನಿ ಕೇಳಿ ಬಂದ ಒಬ್ಬ ಚೀನೀ ಸೇನಾಧಿಕಾರಿ ದೋಣಿ ತರಿಸಿದ. ನಂಬಿಕೆ ನಾಯಕಿಯ ಸ್ವಂತ ಆಸ್ತಿಯಲ್ಲ, ಅವರಲ್ಲಿ ಬತ್ತಿದಾಗ ಪಕ್ಕದ ಮಗುವಿನಲ್ಲಿ ಉಕ್ಕಬಲ್ಲದು ಎಂದು ತೋರಿಸುವ ಈ ಭಾಗ ಇಂಥ ಕಥನಗಳಲ್ಲೇ ಅಪರೂಪದ್ದು. ಆ ನಡಿಗೆಗೆ ಬೆಲೆಯನ್ನೂ ತೆರಬೇಕಾಯಿತು. ಮಕ್ಕಳನ್ನು ಸುರಕ್ಷಿತವಾಗಿ ಸೇರಿಸಿದ ಮೇಲೆ ಗ್ಲಾಡಿಸ್ ಟೈಫಸ್ ಮತ್ತು ನ್ಯುಮೋನಿಯಾದಿಂದ ಪ್ರಜ್ಞೆ ತಪ್ಪಿ ಬಿದ್ದರು. ಬರ್ಜೆಸ್ ಅದನ್ನು ಮರೆಮಾಚುವುದಿಲ್ಲ.

ಈಗ ಸಿನಿಮಾಕ್ಕೆ ಬರೋಣ. ಮಾರ್ಕ್ ರಾಬ್ಸನ್ ನಿರ್ದೇಶನಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಇಂಗ್ರಿಡ್ ಬರ್ಗ್‌ಮನ್ ಅವರ ಮುಖದಲ್ಲಿ ನಿಜವಾದ ಕರುಣೆಯಿದೆ. ಮ್ಯಾಂಡರಿನ್ ಪಾತ್ರ ಮಾಡಿದ ರಾಬರ್ಟ್ ಡೊನಾಟ್ ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು. ಕೊನೆಯ ದೃಶ್ಯಗಳಲ್ಲಿ ಅವರ ದನಿ ಮನಸ್ಸನ್ನು ಹಿಡಿಯುತ್ತದೆ. ಆದರೂ ಚಿತ್ರ ತನ್ನ ವಸ್ತುವನ್ನು ಕೈಬಿಟ್ಟಿದೆ. ಕಪ್ಪು ಕೂದಲಿನ, ಐದಡಿಯೂ ಇಲ್ಲದ ಹೆಂಗಸಿನ ಜಾಗದಲ್ಲಿ ಎತ್ತರದ ಹೊಂಬಣ್ಣದ ತಾರೆ. ಚೀನಾದ ಬೆಟ್ಟಗಳ ಜಾಗದಲ್ಲಿ ವೇಲ್ಸ್‌ನ ಸ್ನೋಡೋನಿಯಾ. ಸೈಬೀರಿಯಾದ ಸಂಕಟಕ್ಕೆ ಕೆಲವೇ ನಿಮಿಷ. ಚೀನೀ ಸೇನಾಧಿಕಾರಿ ಲಿನ್ನಾನ್ ಅರ್ಧ ಯುರೋಪಿನವನಾಗುತ್ತಾನೆ, ಮ್ಯಾಂಡರಿನ್‌ನ ವೇಷ ಇಂಗ್ಲಿಷ್ ನಟನಿಗೆ ಹೋಗುತ್ತದೆ. ಪುಸ್ತಕದಲ್ಲಿ ಸಂಕೋಚದಿಂದ ಸುಳಿಯುವ ಪ್ರೀತಿ ಇಲ್ಲಿ ಕಥೆಯ ಬೆನ್ನೆಲುಬಾಗುತ್ತದೆ. ಕೊನೆಗೆ ನಾಯಕಿ ಮಕ್ಕಳನ್ನು ಬಿಟ್ಟು ಅವನಲ್ಲಿಗೆ ಹೊರಡುತ್ತಾಳೆ. ಆ ಪ್ರಣಯದೃಶ್ಯಗಳಿಂದಲೂ ಈ ಮುಕ್ತಾಯದಿಂದಲೂ ಐಲ್ವರ್ಡ್ ತೀವ್ರವಾಗಿ ನೊಂದಿದ್ದರು. ಕೆಲವರು ಅದನ್ನು ಮಡಿವಂತಿಕೆ ಎಂದರು. ನನಗೆ ಹಾಗೆನ್ನಿಸುವುದಿಲ್ಲ. 1970ರಲ್ಲಿ ತೈವಾನ್‌ನಲ್ಲಿ ಸಾಯುವವರೆಗೂ ಅನಾಥ ಮಕ್ಕಳನ್ನು ಬಿಡದೆ ಬದುಕಿದವರನ್ನು, ಮಕ್ಕಳನ್ನು ಬಿಟ್ಟು ಹೋದವರಂತೆ ತೋರಿಸುವುದು ಆ ಬದುಕಿನ ಅರ್ಥವನ್ನೇ ಕೆಡಿಸಿದಂತೆ.

ಚಿತ್ರದ ಆಳವಾದ ದೋಷ ಮತ್ತೊಂದಿದೆ. ನಗೆಯ ಪ್ರಸಂಗಗಳು ಅಲ್ಲೂ ಇವೆ, ಆದರೆ ಅವುಗಳ ಹಿಂದೆ ಹಸಿವಿಲ್ಲ. ನಾಯಕಿ ಸೋಲುವುದಿಲ್ಲವೆಂದು ಬರ್ಗ್‌ಮನ್ ಪರದೆಗೆ ಬಂದೊಡನೆ ಪ್ರೇಕ್ಷಕನಿಗೆ ಖಾತ್ರಿಯಾಗಿರುತ್ತದೆ. ಮಾಲ್ಕಂ ಆರ್ನಾಲ್ಡ್ ಅವರ ಸಂಗೀತ ಆ ಖಾತ್ರಿಯನ್ನು ಇನ್ನಷ್ಟು ಉಬ್ಬಿಸುತ್ತದೆ. ಬೆಟ್ಟ ಇಳಿಯುವ ಮಕ್ಕಳು ಇಂಗ್ಲಿಷ್ ಶಿಶುಗೀತೆ ಹಾಡುವಾಗ ಅದೊಂದು ಪಿಕ್ನಿಕ್ಕಿನಂತೆ ಕಾಣುತ್ತದೆ. ಖಾತ್ರಿ ಇರುವಲ್ಲಿ ಭರವಸೆಗೆ ಕೆಲಸವಿಲ್ಲ.

ಬರ್ಜೆಸ್ ಅವರ ಪುಸ್ತಕವೂ ಪ್ರಶ್ನಾತೀತವಲ್ಲ. ಯಾರೂ ಬರೆದಿಟ್ಟಿರದ ಸಂಭಾಷಣೆಗಳನ್ನು ಅವರು ಕಾದಂಬರಿಕಾರನ ಸಲುಗೆಯಿಂದ ಬರೆಯುತ್ತಾರೆ. ಛತ್ರದ ಅಡುಗೆಯವ ಯಾಂಗ್ ಬೈಬಲ್ ಕಥೆಗಳನ್ನು ಕಲಸಿ, ನೋಹನ ನಾವೆಯಲ್ಲಿ ಯೇಸುವನ್ನು ಕೂರಿಸಿ ಹೇಳುವ ಭಾಗ ಓದಲು ಸೊಗಸು. ಆದರೆ ಯಾಂಗ್ ಆ ನಗೆಯಾಚೆಗೆ ಬೆಳೆಯುವುದಿಲ್ಲ. ಗ್ಲಾಡಿಸ್‌ಗಿಂತ ಮೊದಲು ಮತ್ತೊಂದು ತಂಡದ ಮಕ್ಕಳನ್ನು ಷಿಯಾನ್‌ಗೆ ಮುಟ್ಟಿಸಿ, ಉಳಿದವರಿಗಾಗಿ ಹಿಂದಿರುಗುವಾಗ ಜಪಾನೀಯರ ಕೈಗೆ ಸಿಕ್ಕ ಚೀನೀ ಕ್ರೈಸ್ತನಿಗೆ ಕಥೆಯಲ್ಲಿ ಸಿಕ್ಕ ಜಾಗ ತೀರ ಚಿಕ್ಕದು. ಅವನ ನಂಬಿಕೆಗೆ ದೋಣಿ ಬರಲಿಲ್ಲ. ಒದಗಿದವರ ಕಥೆ ಹೇಳುವಾಗ ಒದಗದೆ ಹೋದವರ ಕಥೆಯನ್ನೂ ಅದೇ ಗೌರವದಿಂದ ಹೇಳದಿದ್ದರೆ ನಂಬಿಕೆ ಯಶಸ್ಸಿನ ಇನ್ನೊಂದು ಹೆಸರಾಗಿಬಿಡುತ್ತದೆ.

ಇಷ್ಟಾದರೂ ‘ದಿ ಸ್ಮಾಲ್ ವುಮನ್’ ಇಂದಿಗೂ ಓದಬೇಕಾದ ಪುಸ್ತಕ. ಐಲ್ವರ್ಡ್ 1936ರಲ್ಲಿ ಚೀನೀ ಪೌರತ್ವ ಪಡೆದು, ತಾವು ಸೇವೆ ಮಾಡಬಂದ ಜನರ ಪಾಡನ್ನೇ ತಮ್ಮ ಪಾಡಾಗಿಸಿಕೊಂಡರು. ಕೊಡುವವರಾಗಿ ಬಂದವರು ಆ ಜನರಿಂದಲೇ ನವಣೆ, ಕೆಲಸ, ದೋಣಿ, ಕೊನೆಗೆ ಧೈರ್ಯವನ್ನೂ ಪಡೆದರು. ಪುಸ್ತಕ ಅದನ್ನು ಮುಚ್ಚಿಡದೆ ಬರೆದಿದೆ. ದೇವರು ಒದಗಿಸಿದ ಎಂದು ಹೇಳುವ ಪ್ರತಿಯೊಂದು ಕಥೆಯೂ ಯಾರ ಕೈಯಿಂದ ಒದಗಿತು, ಆ ಕೈಗೆ ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕವನ್ನೂ ಕೊಡಬೇಕು. ಆ ಲೆಕ್ಕ ಕೊಟ್ಟಾಗ ನಂಬಿಕೆಗೆ ಕುಂದು ಬರುವುದಿಲ್ಲ. ನಂಬದವರೂ ಅದನ್ನು ಗೌರವಿಸುವಂತಾಗುತ್ತದೆ.